ಗ್ಯಾರೇಜಿನ ಹಿಂಡಿ ಮೂಟೆ

ಬಂಧುಗಳೇ, ಗೆಳೆಯರೇ, ನನ್ನ ಹೆಂಡತಿ ಸರೋಜ ಇವತ್ತು ಒಲೆಯ ಸೌದೆಯನ್ನು ನೀರಿನಲ್ಲಿ ನೆನೆಹಾಕಿದಳು!

ಪರದೇಶದ ಚಾಟ್ಸ್‌ವರ್ತ್ ಊರಿನಲ್ಲಿರುವ ನಮ್ಮ ಮಗಳ ಮನೆಯಲ್ಲಿ ಚಳಿಗೆ ಉರಿಸುವ ಒಲೆಗೆ ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಎಂಬ ಸಣ್ಣ ತುಂಡುಗಳನ್ನು ಹಾಕುತ್ತಾರೆ. ನೋಡಲು ಥೇಟ್ ಹಸುವಿನ ಹಿಂಡಿ. ಗ್ಯಾರೇಜಿನಲ್ಲಿ ಉಳಿದಿದ್ದ ಒಂದೇ ಮೂಟೆಯನ್ನು ಸರೋಜ ಟಬ್ಬಿಗೆ ಸುರಿದು, ಪಕ್ಕದ ಮನೆಯ ಮಾರ್ಗರೆಟ್‌ಳ ಕುದುರೆಗೆ ಕೊಡೋಣವೆಂದು ನೀರು ಹೊಯ್ದಳು.

"ಅಮ್ಮಾ, ಅದು ಸೌದೆ! ಇವತ್ತು ಅಂಗಡಿಗೆ ರಜೆ, ಚಳಿಗೆ ಏನು ಮಾಡೋದು?" ಎಂದು ಮಗಳು ಸುಮಾ ತಲೆ ಮೇಲೆ ಕೈಹೊತ್ತಳು.

"ಇಪ್ಪತ್ತು ವರ್ಷ ದನ ಸಾಕಿದ್ದೇನೆ ಮಾರಾಯ್ತಿ, ನನಗೆ ಹಿಂಡಿ ಗೊತ್ತಿಲ್ವಾ?"

ಅಷ್ಟರಲ್ಲಿ ಟಬ್ಬಿನ ತುಂಬ ಮರದ ಹೊಟ್ಟು ಉಬ್ಬಿ ನಿಂತಿತ್ತು.

ಗಲಾಟೆ ಕೇಳಿ ಬಂದ ಮಾರ್ಗರೆಟ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ಪೆಲೆಟ್‌ಗೆ ನೀರು ಚಿಮುಕಿಸಿ, ಉಬ್ಬಿದ ಹೊಟ್ಟನ್ನೇ ಕುದುರೆಯ ಕಾಲಡಿ ಹಾಸುತ್ತಾಳಂತೆ! ಟಬ್ಬನ್ನು ಲಾಯಕ್ಕೆ ಒಯ್ದು, ತನ್ನ ಒಲೆಗೆಂದು ಇಟ್ಟಿದ್ದ ಒಣ ಮೂಟೆಯೊಂದನ್ನು ನಮಗೆ ಕೊಟ್ಟಳು.

ಈಗ ಬೆಂಕಿಯ ಮುಂದೆ ಕಾಲು ಚಾಚಿ ಕೂತ ಸರೋಜ, "ನಾನು ನೆನೆಹಾಕಿದ್ದಕ್ಕೇ ಅಲ್ವಾ ಕುದುರೆಗೆ ಹಾಸಿಗೆ ಆಯ್ತು?" ಎನ್ನುತ್ತಿದ್ದಾಳೆ.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಮೊಮ್ಮಗಳು ಅನನ್ಯ, ಅಜ್ಜಿಗೆ ಗೊತ್ತಾಗಲೆಂದು ಹೊಸ ಮೂಟೆಯ ಮೇಲೆ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದಾಳೆ. "ಹಿಂಡಿ ಅಲ್ಲ" ಎಂದು ಬರೆಯಲು ಹೋಗಿ "ಹಿಂದಿ ಅಲ್ಲ" ಎಂದು ಬರೆದಿದ್ದಾಳೆ. ಅದೂ ನಿಜವೇ ಆದ್ದರಿಂದ ನಾನು ತಿದ್ದಲಿಲ್ಲ.