ಮೇಲಿನ ಹೆಸರು

ಪಾರ್ಲರಿನಾಕೆಯ ಕೈ ಸದಾ ಕೂದಲ ಬಣ್ಣದಲ್ಲಿರುತ್ತಿದ್ದುದರಿಂದ ಫೋನಿನ ಕೆಲಸವೆಲ್ಲ ಕುರ್ಚಿಯಲ್ಲಿ ಕೂತ ಗಿರಾಕಿಗಳದೇ. ಅಂಗಡಿ ಬಾಡಿಗೆ ಕಳಿಸುವಾಗಲೂ ಅಷ್ಟೆ. "ಮೇಲಿನ ಹೆಸರು ಒತ್ತಿ" ಎನ್ನುವಳು, ಪಿನ್ನನ್ನೂ ಬಾಯಲ್ಲೇ ಹೇಳುವಳು. ಅವಳು ದುಡ್ಡು ಕಳಿಸುತ್ತಿದ್ದುದು ಮಾಲೀಕನೊಬ್ಬನಿಗೇ ಆದ್ದರಿಂದ ಮೇಲಿನ ಹೆಸರು ಯಾವಾಗಲೂ ಅವನದೇ ಆಗಿರುತ್ತಿತ್ತು.

ಆದರೆ ಈ ಸಲ ಬಾಡಿಗೆ ಕಳಿಸುವ ಹಿಂದಿನ ದಿನ, ಮೊದಲ ಬಾರಿಗೆ, ಓರಗಿತ್ತಿಗೂ ಫೋನಿನಿಂದಲೇ ಕಳಿಸಿದ್ದಳು. ಇಬ್ಬರೂ ಕೂಡಿ ತೆರೆದ ಪಾರ್ಲರ್ ಅದು. ಜಗಳವಾಗಿ ಓರಗಿತ್ತಿ ರಸ್ತೆಯಾಚೆ ಬೇರೆ ಅಂಗಡಿ ಹಾಕಿದ್ದಳು. ಮೊದಲಿನ ಕಂತುಗಳೆಲ್ಲ ನಗದಾಗಿ ಹೋಗಿದ್ದವು; ಅವಳ ಪಾಲಿನ ಕೊನೆಯ ಕಂತೂ ತೀರಿತು, ಇನ್ನು ಅವಳ ಮುಖ ನೋಡುವ ಗೊಡವೆಯಿಲ್ಲ ಅಂತ ಇವಳು ಅಂದುಕೊಂಡಿದ್ದಳು. ಕೊನೆಗೆ ಕಳಿಸಿದವರ ಹೆಸರನ್ನು ಫೋನು ಮೇಲಕ್ಕೆ ತರುತ್ತದೆಂಬುದು ಇವಳಿಗೆ ಹೊಳೆದಿರಲಿಲ್ಲ.

ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ನಿವೃತ್ತ ಟೀಚರು ಹೇಳಿದ್ದನ್ನು ಚಾಚೂ ತಪ್ಪದೆ ಒತ್ತಿದರು. ಕೂಡಿಸಿಟ್ಟ ಬಾಕಿ ಬಾಡಿಗೆಯೆಲ್ಲ ಓರಗಿತ್ತಿಯ ಖಾತೆ ಸೇರಿತು. ಸಂಜೆಯೊಳಗೆ ಬಾಡಿಗೆ ಬಾರದಿದ್ದರೆ ಬೀಗ ಎಂದು ಮಾಲೀಕ ಬೆಳಗ್ಗೆಯೇ ಹೇಳಿಹೋಗಿದ್ದ.

ಟೀಚರ ತಲೆ ತೊಳೆದು ಕಳಿಸಿದವಳೇ ಬ್ಯಾಂಕಿಗೆ ಓಡಿದಳು. ಸಾಲಿನಲ್ಲಿ ನಿಂತಲ್ಲಿ ನಿಲ್ಲಲಾಗದೆ ಮುಂದಿನವರ ಹೆಗಲ ಮೇಲಿಂದ ಇಣುಕಿದಳು, ಬಾಗಿಲವರೆಗೆ ಹೋಗಿ ಬಂದಳು. ಕೌಂಟರಿನ ಹುಡುಗಿ ಸಮಾಧಾನದಿಂದಲೇ ವಿವರಿಸಿದಳು: ದುಡ್ಡು ಎರಡು ಸಲ ಹೋಗಿದ್ದರೆ, ಹೇಳಿದ್ದಕ್ಕಿಂತ ಹೆಚ್ಚು ಕಡಿತವಾಗಿದ್ದರೆ, ಬ್ಯಾಂಕೇ ಬೇರೆ ಖಾತೆಗೆ ಹಾಕಿದ್ದರೆ ಅದು ಬ್ಯಾಂಕು ಸರಿಪಡಿಸುವ ತಪ್ಪು.

"ನಿಮಗೆ ಗೊತ್ತಿಲ್ದೆ ಯಾರಾದ್ರೂ ಕಳಿಸಿದ್ರೆ ಅದೂ ತಪ್ಪೇ. ಹಾಗೇನಾದ್ರೂ ಆಯ್ತಾ?"

ಹೌದು ಅಂದುಬಿಟ್ಟರೆ ದೂರು ದಾಖಲಾಗುತ್ತದೆ. ಆಮೇಲೆ ಒತ್ತಿದವರು ಯಾರು ಅಂತ ಕೇಳುತ್ತಾರೆ. ಟೀಚರ ಒದ್ದೆ ತಲೆ ಕಣ್ಣ ಮುಂದೆ ಬಂತು.

"ಇಲ್ಲಮ್ಮ. ನಾನೇ ಹೇಳಿ ಒತ್ತಿಸಿದ್ದು."

"ಹಾಗಾದ್ರೆ ನಮ್ಮ ಲೆಕ್ಕದಲ್ಲಿ ತಪ್ಪೇ ಆಗಿಲ್ಲ. ನೀವು ಹೇಳಿದಲ್ಲಿಗೇ ಹೋಗಿದೆ."

ವಾಪಸು ಕೊಡಿ ಎಂದು ಬ್ಯಾಂಕು ಕೇಳಿಕೊಳ್ಳಬಹುದಂತೆ. ಆದರೆ ಅದಕ್ಕೆ ದಿನಗಳು ಹಿಡಿಯುತ್ತವೆ, ಕೊಡುವುದು ಬಿಡುವುದು ಪಡೆದವರ ಇಷ್ಟ. ಸಂಜೆಗೆ ಉಳಿದದ್ದು ಒಂದೇ ದಾರಿ.

ಓರಗಿತ್ತಿಯ ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ಒಳಗೆ ಕಾಲಿಟ್ಟಳು. ಓರಗಿತ್ತಿ ಯಾರದೋ ಹುಬ್ಬು ತಿದ್ದುತ್ತಿದ್ದಳು, ದಾರದ ತುದಿ ಹಲ್ಲಿನಲ್ಲಿ. ಒಂದು ಹುಬ್ಬು ಮುಗಿಸಿ, ಇನ್ನೊಂದನ್ನೂ ನಿಧಾನಕ್ಕೆ ಮುಗಿಸಿ, ಆಮೇಲೆ ದಾರ ಬಿಟ್ಟಳು.

"ದುಡ್ಡು ಬಂದಾಗ್ಲೇ ನೋಡ್ದೆ. ನೀನೇ ಬರ್ತೀಯೋ, ಬ್ಯಾಂಕಿನೋರ ಕೈಲಿ ಹೇಳಿಸ್ತೀಯೋ ಅಂತ ಕಾಯ್ತಾ ಇದ್ದೆ."

"ಮೊದಲು ಬ್ಯಾಂಕಿಗೇ ಹೋಗಿದ್ದೆ, ಅಕ್ಕ."

"ಗೊತ್ತು ಬಿಡು. ಅಲ್ಲಿ ನಡೆದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?" ಫೋನು ಕೈಗೆತ್ತಿಕೊಂಡಳು. "ಬಾಡಿಗೆದು ತಾನೆ? ಮಾಲೀಕನ ನಂಬರು ನನ್ನ ಹತ್ರಾನೂ ಇದೆ, ನೇರ ಅವನಿಗೇ ಹಾಕ್ತೀನಿ. ನಿನ್ನ ಕೈಗೆ ಕೊಟ್ರೆ ಇನ್ಯಾರ ಪಾಲಾಗುತ್ತೋ."

ಕುರ್ಚಿಯಲ್ಲಿದ್ದ ಗಿರಾಕಿ ನಗು ತಡೆದುಕೊಂಡಳು. ಹಣ ಹೋಯಿತೆಂದು ಓರಗಿತ್ತಿ ಪರದೆ ತೋರಿಸಿದಳು. ಇವಳು ಏನೋ ಹೇಳಲು ಬಾಯ್ತೆರೆಯುವಷ್ಟರಲ್ಲಿ ಮುಂದಿನ ಗಿರಾಕಿಯನ್ನು ಕರೆದಳು.

ರಸ್ತೆ ದಾಟುವಾಗ ಮಾಲೀಕನ ಮೆಸೇಜು ಬಂತು: ಬಾಡಿಗೆ ಪೂರ್ತಿ ಬಂದಿದೆ, ಕಳಿಸಿದವರ ಹೆಸರು ಮಾತ್ರ ನಿಮ್ಮದಲ್ಲ, ಏನಾದರೂ ತಪ್ಪಾಗಿದೆಯಾ?

ಹಿಂದಿನಿಂದ ಬಂದ ಸ್ಕೂಟರು ಹಾರನ್ ಹೊಡೆಯುವವರೆಗೂ ಅವಳು ಅದನ್ನು ನೋಡುತ್ತಲೇ ನಿಂತಳು. ಆಮೇಲೆ ಬದಿಗೆ ಸರಿದು, ತನ್ನ ಕೈಯಿಂದಲೇ, ಇಲ್ಲ ಎಂದು ಬರೆದಳು.