ಬೂದಿಯ ತೊಡೆಯ ಮೇಲೆ ಎರಡು ಚುಕ್ಕೆ

ಇಸ್ತ್ರಿಯಮ್ಮನಿಗೆ ಹೆದರಿಕೆ ಹುಟ್ಟಿನಿಂದ ಬಂದದ್ದು. ಮನೆಯಿಂದ ಹೊರಟರೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಮರಳಿ ಬಂದು ನೋಡುವಳು. ಮತ್ತೆ ಹೊರಟರೆ ಮತ್ತೊಮ್ಮೆ ಬರುವಳು. “ಸಾಕು ಕಣೇ, ಎಷ್ಟು ಸಲ ನೋಡ್ತೀಯ? ನಿನ್ನ ಹೆದರಿಕೆನ ಬಾಗಿಲಲ್ಲಿ ಕೂರಿಸಿದ್ರೆ ಬೀದಿಗೆ ನಾಯಿನೇ ಬೇಕಾಗಲ್ಲ” ಎಂದು ಗಂಡ ಛೇಡಿಸುವುದಿತ್ತು. ಆದರೆ ಊರವರ ಬಟ್ಟೆಗೆ ಇಸ್ತ್ರಿ ಹಾಕಿದ ಮೂವತ್ತೊಂದು ವರ್ಷದಲ್ಲಿ ಅವಳ ಮೇಜಿನ ಮೇಲೆ ಒಂದು ಕರವಸ್ತ್ರವೂ ಸುಟ್ಟಿರಲಿಲ್ಲ. ಪೆಟ್ಟಿಗೆಯ ಬಿಸಿ ತಿರುವುವ ಗುಂಡಿಯನ್ನು ಅವಳು ನಂಬುತ್ತಿರಲಿಲ್ಲ. ಕೈಯ ಹಿಂಬದಿಯನ್ನು ಪೆಟ್ಟಿಗೆಯ ತಳಕ್ಕೆ ಬೆರಳಗಲದ ದೂರದಲ್ಲಿ ಹಿಡಿದು, ಇದು ರೇಷ್ಮೆಗಾಗುವ ಬಿಸಿ, ಇದು ಹತ್ತಿಗಾಗುವ ಬಿಸಿ ಎಂದು ತಿಳಿಯುವಳು.

ಆ ಮನೆಯಲ್ಲಿದ್ದವರು ಮೂವರು ಮತ್ತು ಒಂದು ಬೆಕ್ಕು. ಅವಳು, ಗಂಡ, ಗಂಡನ ತಂಗಿ. ನಾದಿನಿ ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು ಮತ್ತು ಬೂದುಬಣ್ಣದ ಮುದಿ ಬೆಕ್ಕಿನೊಂದಿಗೆ ಅಣ್ಣನ ಮನೆಗೆ ಬಂದವಳು. ಬಂದಾಗಿನಿಂದ ಅವಳು ಮನುಷ್ಯರ ಜೊತೆ ಮಾತಾಡಿರಲಿಲ್ಲ. ಊಟಕ್ಕೆ ಕರೆದರೆ ಬರುವಳು, ಕೇಳಿದರೆ ತಲೆಯಾಡಿಸುವಳು, ಅಷ್ಟೇ. ಮಾತೆಲ್ಲ ಬೆಕ್ಕಿಗೆ ಮೀಸಲು. “ಬೂದಿ, ಇವತ್ತು ಬಿಸಿಲು ಜಾಸ್ತಿ ಅಲ್ವೇನೋ”, “ಬೂದಿ, ಅವರಿದ್ದಿದ್ರೆ ನಿನ್ನ ಬೈತಿದ್ರು ಕಣೋ” ಎಂದು ಒಳಕೋಣೆಯಿಂದ ಬರುವ ಪಿಸುದನಿಯನ್ನು ಇಸ್ತ್ರಿಯಮ್ಮ ಅಂಗಿಯ ತೋಳು ಮಡಿಸುತ್ತ ಕೇಳುವಳು. ಆ ದನಿ ಇರುವವರೆಗೆ ನಾದಿನಿಯೂ ಇದ್ದಾಳೆ ಎಂದು ಅವಳ ಲೆಕ್ಕ. ಬೆಕ್ಕು ಹೋದರೆ? ಆ ಯೋಚನೆ ಬಂದಾಗಲೆಲ್ಲ ಅವಳು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಒಂದು ಗಳಿಗೆ ಕಣ್ಣು ಮುಚ್ಚುವಳು.

ನಾದಿನಿಯ ಕಣ್ಣಿಗೆ ಪೊರೆ ಬಂದು ಆಪರೇಷನ್ ಗೊತ್ತಾಯಿತು. ಆಸ್ಪತ್ರೆ ದೂರದ ಪೇಟೆಯಲ್ಲಿ. ಸೋಮವಾರ ಹೋದರೆ ಶುಕ್ರವಾರ ಸಂಜೆ ಬರುವುದು. ಅಣ್ಣ ಜೊತೆಗೆ ಹೊರಟ. ಹೊರಡುವ ಮುಂಚೆ ನಾದಿನಿ ಬೆಕ್ಕನ್ನು ಎತ್ತಿ ಅತ್ತಿಗೆಯ ತೋಳಿನಲ್ಲಿಟ್ಟಳು. ಇಸ್ತ್ರಿಯಮ್ಮ “ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ” ಎಂದಳು.

ಬಸ್ ನಿಲ್ದಾಣದವರೆಗೆ ಕಳಿಸಲು ಹೊರಟವಳಿಗೆ ದಾರಿಯಲ್ಲಿ ಪ್ಲಗ್ಗಿನ ನೆನಪು ಬಂತು. ಓಡಿ ಬಂದು ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ನೋಡಿದಳು. ಪ್ಲಗ್ಗು ಕಿತ್ತೇ ಇತ್ತು. ಬಸ್ಸು ತಪ್ಪೀತೆಂಬ ಗಾಬರಿಯಲ್ಲಿ ಮತ್ತೆ ಓಡಿದಳು. ಹಿತ್ತಿಲ ಬಾಗಿಲು ತೆರೆದೇ ಉಳಿಯಿತು.

ತಿರುಗಿ ಬಂದಾಗ ಅಂಗಳದಲ್ಲಿ ಕೂದಲಿನ ಉಂಡೆಗಳು. ಬೀದಿಯ ಗಡವ ಬೆಕ್ಕು ಗೋಡೆಯ ಮೇಲೆ ಕೂತು ಮೂತಿ ನೆಕ್ಕಿಕೊಳ್ಳುತ್ತಿತ್ತು. ಬೂದಿ ಇಸ್ತ್ರಿಮೇಜಿನ ಕೆಳಗೆ, ಒಗೆದ ಬಟ್ಟೆಯ ಗಂಟಿನ ಹಿಂದೆ ಮುದುಡಿತ್ತು. ಮೂಗಿನ ಮೇಲೆ ಒಂದು ಗೀರು. ಎಡತೊಡೆಯ ಕೂದಲಿನಲ್ಲಿ ಅಂಟಿದ ರಕ್ತ. ಕೂದಲು ಸರಿಸಿದರೆ ಸೂಜಿ ಚುಚ್ಚಿದಂಥ ಎರಡು ಚುಕ್ಕೆ. ಇಷ್ಟೇ ತಾನೆ, ಎಂದುಕೊಂಡಳು. ಆದರೂ ಔಷಧಿ ಅಂಗಡಿಗೆ ಓಡಿದಳು.

ಔಷಧಿ ಅಂಗಡಿಯವನು ಒಂದು ಸ್ಪ್ರೇ ಬಾಟಲಿ ಕೊಟ್ಟ. “ಇದು ಪ್ರಾಣಿಗಳಿಗೇ ಮಾಡಿರೋದು ಕಣಮ್ಮ. ಮನುಷ್ಯರ ಮುಲಾಮು ಹಚ್ಚಬೇಡಿ, ನೆಕ್ಕಿದ್ರೆ ಕಷ್ಟ. ಮೊದಲು ಗಾಯದ ಸುತ್ತ ಕೂದಲು ಕತ್ತರಿಸಿ, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೀರಿ. ಆಮೇಲೆ ಹೊಡೀರಿ. ಮುಖಕ್ಕೆ ನೇರ ಹೊಡೀಬೇಡಿ, ಹತ್ತಿಗೆ ಹೊಡೆದು ಒತ್ತಿ. ಒಣಗೋ ತನಕ ನೆಕ್ಕೋಕೆ ಬಿಡಬೇಡಿ.”

“ಆಳದ ಗಾಯ ಆಗಿದ್ರೆ?”

“ಆಗ ಡಾಕ್ಟ್ರು. ಇದು ಮೇಲ್ಗೀರಿಗೆ ಅಷ್ಟೆ.”

ಮನೆಗೆ ಬಂದು ಕತ್ತರಿ ಹಿಡಿದವಳು ನಿಂತುಬಿಟ್ಟಳು. ಕೂದಲು ಕತ್ತರಿಸಿದರೆ ನಾಲ್ಕು ದಿನದಲ್ಲಿ ಬೆಳೆಯುವುದೇ? ನಾದಿನಿಯ ಕಣ್ಣಿಗೆ ಪಟ್ಟಿ ಇದ್ದರೂ ಬೆರಳಿಗೆ ಪಟ್ಟಿ ಇರುವುದಿಲ್ಲ. ತೊಡೆಯ ಮೇಲೆ ಬೋಳು ಸಿಕ್ಕಿದರೆ ಎಲ್ಲ ಗೊತ್ತಾಗುತ್ತದೆ: ಬಾಗಿಲು ತೆರೆದಿತ್ತು, ಅತ್ತಿಗೆಯನ್ನು ನಂಬಿ ಬಿಟ್ಟದ್ದು ವ್ಯರ್ಥ. ಅವಳು ಕತ್ತರಿಯನ್ನು ಕೆಳಗಿಟ್ಟಳು.

ಮೂಗಿನ ಗೀರಿಗೆ ಹತ್ತಿಯಲ್ಲಿ ಒತ್ತಿದಳು. ತೊಡೆಗೆ ಬಂದಾಗ ಕೈ ತನ್ನ ಹಳೆಯ ದಾರಿ ಹಿಡಿಯಿತು. ದಿನಕ್ಕೆ ನೂರು ಸಲ ಮಾಡುವ ಕೆಲಸವಲ್ಲವೇ: ಒಣ ಬಟ್ಟೆಗೆ ಮೊಳದ ದೂರದಿಂದ ನೀರು ಚಿಮುಕಿಸುವುದು, ಹಿಂದೆಯೇ ಅಂಗೈಯಿಂದ ಸುಕ್ಕು ತೀಡುವುದು. ಹಾಗೆಯೇ ಕೂದಲ ಮೇಲೆ ಔಷಧಿ ಚಿಮುಕಿಸಿ, ಅಂಗೈಯಿಂದ ಚೆನ್ನಾಗಿ ತೀಡಿ ಮಟ್ಟಸ ಮಾಡಿದಳು. ಔಷಧಿ ಒಣಗಿ ಕೂದಲು ಅಂಟಿಕೊಂಡು, ಚುಕ್ಕೆಗಳು ಎಲ್ಲಿದ್ದವೆಂದು ಅವಳಿಗೇ ಕಾಣದಂತಾಯಿತು. ನೆಕ್ಕದ ಹಾಗೆ ಹಳೆಯ ಕಾಲರಿನ ಕ್ಯಾನ್‌ವಾಸನ್ನು ಗಂಜಿಯಲ್ಲಿ ಅದ್ದಿ ಗರಿಗರಿ ಇಸ್ತ್ರಿ ಮಾಡಿ, ಒಂದು ಕೊರಳಪಟ್ಟಿ ಹೊಲಿದು ಕಟ್ಟಿದಳು. ಬೂದಿ ಅದನ್ನು ಹಾಕಿಕೊಂಡು ಮದುವೆಮನೆಗೆ ಹೊರಟ ಮುದುಕನಂತೆ ಕಂಡಿತು. ಅಂದು ಅವಳು ನಕ್ಕದ್ದು ಅದೊಂದೇ ಸಲ.

ಮಂಗಳವಾರ ಬೂದಿ ಊಟ ಮಾಡಿತು. ಬುಧವಾರ ಬಟ್ಟಲಿನ ಹತ್ತಿರ ಹೋಗಿ ಮೂಸಿ ಬಂದಿತು. ಗಂಡನ ಫೋನು ಬಂತು.

“ಆಪರೇಷನ್ ಚೆನ್ನಾಗಾಯ್ತು. ಅಳಬಾರದು, ಗಾಬರಿ ಆಗಬಾರದು ಅಂದಿದ್ದಾರೆ. ಬೂದಿ ಹೇಗಿದೆ ಅಂತ ಸನ್ನೆ ಮಾಡ್ತಿದಾಳೆ ನೋಡು.”

“ಚೆನ್ನಾಗಿದೆ” ಎಂದಳು ಇಸ್ತ್ರಿಯಮ್ಮ. ಫೋನಿಟ್ಟು ಬಟ್ಟಲನ್ನು ಬೂದಿಯ ಮೂತಿಗೆ ಇನ್ನಷ್ಟು ಹತ್ತಿರ ತಳ್ಳಿದಳು.

ಗುರುವಾರ ಬೆಳಿಗ್ಗೆ ಬೂದಿ ಮೇಜಿನ ಕೆಳಗಿನಿಂದ ಹೊರಬರಲಿಲ್ಲ. ಅವಳು ಅಂಗಿಗೆ ಬಾಟಲಿಯಿಂದ ನೀರು ಚಿಮುಕಿಸಿದಳು. ಎರಡು ವರ್ಷದಿಂದ ಆ ಬಾಟಲಿಯ ‘ಚಿಸ್’ ಸದ್ದಿನ ಕೆಳಗೇ ಗೊರಕೆ ಹೊಡೆದು ಮಲಗುತ್ತಿದ್ದ ಬೆಕ್ಕು, ಬೆಚ್ಚಿ ಗೋಡೆಗೆ ಒತ್ತಿಕೊಂಡಿತು. ಅವಳು ಪೆಟ್ಟಿಗೆಯನ್ನು ನಿಲ್ಲಿಸಿ, ಪ್ಲಗ್ಗು ಕಿತ್ತು, ಮಂಡಿಯೂರಿ ಕೂತಳು. ಕೂದಲು ನುಣುಪಾಗಿಯೇ ಇತ್ತು. ಗಾಯದ ಗುರುತೇ ಇಲ್ಲ. ತನಗರಿವಿಲ್ಲದೆ ಕೈಯ ಹಿಂಬದಿಯನ್ನು ಬಲತೊಡೆಯ ಹತ್ತಿರ ಹಿಡಿದಳು. ದಿನಾ ತನ್ನ ಪಾದಕ್ಕೆ ತಾಗುವ ಬಿಸಿ. ಎಡತೊಡೆಯ ಹತ್ತಿರ ತಂದಳು. ಬೆರಳು ಹಿಂದೆ ಸರಿಯಿತು. ಆ ನುಣುಪಿನ ಅಡಿಯಲ್ಲಿ ಏನೋ ಬೇಯುತ್ತಿತ್ತು.

ಮೂವತ್ತೊಂದು ವರ್ಷ ಅವಳು ಹೆದರಿದ್ದು ಇಂಥದಕ್ಕೇ. ಮೇಲಿನ ಪದರ ಚೆನ್ನಾಗಿ ಕಾಣುತ್ತ ಒಳಗಿನ ಅಸ್ತರು ಸುಡುವುದಕ್ಕೆ.

ಬಟ್ಟೆ ತಲುಪಿಸುವ ಬುಟ್ಟಿಯಲ್ಲಿ ಹಾಸಿಗೆ ಬಟ್ಟೆ ಹಾಕಿ, ಬೂದಿಯನ್ನು ಮಲಗಿಸಿ, ಮೇಲೊಂದು ಬಟ್ಟೆ ಕಟ್ಟಿ ಪಶುವೈದ್ಯರ ಕಡೆ ನಡೆದಳು. ಅಂದು ಅವಳು ಬೀದಿಯ ತುದಿಯಿಂದ ಹಿಂತಿರುಗಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ, ದಪ್ಪ ನಾಯಿಯೊಂದನ್ನು ಕರೆತಂದ ಬೇಕರಿಯವನು ಬುಟ್ಟಿ ನೋಡಿ, “ಏನಮ್ಮ, ನಾಯಿಗೆ ಇಸ್ತ್ರಿ ಬಟ್ಟೆ ತಂದ್ರಾ?” ಎಂದ. ಒಳಗಿನಿಂದ ಬೂದಿ ನರಳಿದ್ದು ಕೇಳಿ ತನ್ನ ಸರದಿಯನ್ನು ಅವಳಿಗೆ ಬಿಟ್ಟುಕೊಟ್ಟ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ತೊಡೆಯ ಮೇಲೆ ಬೆರಳೂರಿದೊಡನೆ ಬೂದಿ ಕಿರುಚಿತು.

“ಏನು ಹಾಕಿದ್ರಿ ಇಲ್ಲಿಗೆ?”

ಇಸ್ತ್ರಿಯಮ್ಮ ಸೆರಗಿನಲ್ಲಿ ಕಟ್ಟಿ ತಂದಿದ್ದ ಸ್ಪ್ರೇ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

“ಔಷಧಿ ಒಳ್ಳೆಯದೇ. ಮೂಗಿನ ಗೀರು ನೋಡಿ, ಎಷ್ಟು ಚೆನ್ನಾಗಿ ಮಾಗಿದೆ. ಆದ್ರೆ ತೊಡೆಗೆ ಕೂದಲ ಮೇಲೆ ಹೊಡೆದಿದ್ದೀರಿ.”

“ಹೌದು. ಹೊಡೆದು... ತೀಡಿದೆ.”

“ಬೆಕ್ಕಿನ ಹಲ್ಲು ಸೂಜಿ ಇದ್ದ ಹಾಗೆ ಅಮ್ಮ. ಮೇಲೆ ಚುಕ್ಕೆ, ಒಳಗೆ ಬಾವಿ. ಇಂಥದಕ್ಕೆ ಸ್ಪ್ರೇ ಸಾಲೋದೇ ಇಲ್ಲ, ಅವತ್ತೇ ತರಬೇಕಿತ್ತು. ಅದರ ಮೇಲೆ ಕೂದಲೆಲ್ಲ ಅಂಟಿ ಗಾಯದ ಬಾಯಿ ಮುಚ್ಚಿಕೊಂಡಿದೆ. ಒಳಗೆ ಕೀವು ತುಂಬಿದೆ. ಮಂಪರು ಕೊಟ್ಟು ಕೊಯ್ದು ತೊಳೀಬೇಕು. ವಯಸ್ಸೆಷ್ಟು ಇದಕ್ಕೆ?”

“ಹನ್ನೊಂದೋ ಹನ್ನೆರಡೋ. ನಾದಿನಿಗೆ ಗೊತ್ತು. ಬೆಕ್ಕು ಅವಳದು.”

“ವಯಸ್ಸಾದ ಜೀವ. ಮಂಪರು ತಡೆಯುತ್ತೆ ಅಂತ ಪೂರ್ತಿ ಭರವಸೆ ಕೊಡೋಕಾಗಲ್ಲ. ಬಿಟ್ರೆ ಕೀವು ರಕ್ತಕ್ಕೆ ಏರುತ್ತೆ, ಅದು ಇನ್ನೂ ಕೆಟ್ಟದು. ನಾದಿನಿಯವರನ್ನ ಒಂದು ಮಾತು ಕೇಳ್ತೀರಾ?”

ಇಸ್ತ್ರಿಯಮ್ಮ ಫೋನನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟಳು. ಅಳಬಾರದ ಕಣ್ಣಿಗೆ ಈ ಸುದ್ದಿ ಹೇಗೆ ಕಳಿಸುವುದು? ಹೇಳದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ಬೆಕ್ಕು ಮಂಪರಿನಿಂದ ಏಳದಿದ್ದರೆ, ನಾಳೆ ಸಂಜೆ ಖಾಲಿ ಬುಟ್ಟಿಯನ್ನು ಯಾವ ಮುಖದಿಂದ ತೋರಿಸುವುದು? ಎರಡು ಕಡೆಯೂ ಬೆಂಕಿ. ಕಾಗದದ ಮೇಲೆ ಅವಳ ಸಹಿ ಗೆರೆ ಬಿಟ್ಟು ಕೆಳಗಿಳಿಯಿತು.

ಬೆಂಚಿನ ಮೇಲೆ ಕೂತಳು. ಗೋಡೆಯ ಗಡಿಯಾರದ ಮುಳ್ಳು ಇವಳನ್ನು ನೋಡಿಯೇ ನಿಂತಂತಿತ್ತು. ದೇವರ ಹತ್ತಿರ ಏನು ಕೇಳುವುದೆಂದು ತಿಳಿಯಲಿಲ್ಲ. ಬೆಕ್ಕನ್ನು ಉಳಿಸು ಎನ್ನಲು ನಾಚಿಕೆ. ಮುಚ್ಚಿಟ್ಟವಳು ತಾನಲ್ಲವೇ? ಕೊನೆಗೆ, “ತಪ್ಪು ನನ್ನ ಕೈಯದು, ಅದನ್ನ ಅವಳ ಮೇಲೆ ಹಾಕಬೇಡ” ಎಂದಷ್ಟೇ ಮನಸ್ಸಿನಲ್ಲಿ ಹೇಳಿಕೊಂಡಳು. ಬೇಕರಿಯವನ ನಾಯಿ ಬಂದು ಅವಳ ಪಾದದ ಮೇಲೆ ತಲೆಯಿಟ್ಟಿತು. ಅವಳು ಅದನ್ನು ಓಡಿಸಲಿಲ್ಲ.

ಬಾಗಿಲು ತೆರೆದಾಗ ಡಾಕ್ಟರಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಇಸ್ತ್ರಿಯಮ್ಮ ಬುಟ್ಟಿ ಹಿಡಿದು ಎದ್ದು ನಿಂತಳು.

“ಒಳಗೆ ಬನ್ನಿ. ತಲೆ ಎತ್ತೋಕೆ ನೋಡ್ತಿದೆ. ಪರಿಚಯದವರ ವಾಸನೆ ಇದ್ರೆ ಒಳ್ಳೆಯದು.”

ಬೂದಿಯ ತೊಡೆ ಅಂಗೈಯಗಲ ಬೋಳಾಗಿತ್ತು. ಅದರ ನಡುವೆ ಕೀವು ಹರಿಯಲೆಂದು ಬಿಟ್ಟ ಸಣ್ಣ ಬಾಯಿ.

“ಇದನ್ನ ದಿನಾ ತೊಳೀರಿ, ಮಾತ್ರೆ ತಪ್ಪಿಸಬೇಡಿ. ನಾನು ಹೇಳೋ ತನಕ ಸ್ಪ್ರೇ ಬೇಡ. ಎರಡು ದಿನ ಬಿಸಿ ಏರುತ್ತಾ ನೋಡ್ತಿರಿ. ಏರಿದ್ರೆ ಓಡಿ ಬನ್ನಿ. ಇನ್ನೂ ಗೆದ್ದಿಲ್ಲ ನಾವು.”

ಶುಕ್ರವಾರ ಸಂಜೆ ಆಟೋ ನಿಂತ ಸದ್ದಾಯಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಾದಿನಿ ಹೊಸ್ತಿಲು ದಾಟುವ ಮೊದಲೇ ಇಸ್ತ್ರಿಯಮ್ಮ ಅಡ್ಡ ನಿಂತಳು.

“ಅಳಬೇಡ. ಮೊದಲು ಕೇಳು, ಬೂದಿ ಇದೆ. ನಾನು ಹಿತ್ತಿಲ ಬಾಗಿಲು ಹಾಕಲಿಲ್ಲ. ಗಡವ ಕಚ್ಚಿತು. ನಿನಗೆ ಗೊತ್ತಾಗಬಾರದು ಅಂತ ಕೂದಲು ಕತ್ತರಿಸದೆ ಔಷಧಿ ಹೊಡೆದೆ. ಕೀವಾಯ್ತು. ನಿನ್ನ ಕೇಳದೆ ಸಹಿ ಹಾಕಿ ಕೊಯ್ಯಿಸಿದೆ.”

ಗಂಡ ಚೀಲ ಹಿಡಿದುಕೊಂಡೇ ನಿಂತ. ನಾದಿನಿ ಅತ್ತಿಗೆಯನ್ನು ಬದಿಗೆ ಸರಿಸಿ ಒಳಗೆ ಹೋಗಿ ನೆಲದ ಮೇಲೆ ಕೂತಳು. ಮೇಜಿನ ಕೆಳಗಿನಿಂದ ಬೂದಿ ಕುಂಟುತ್ತ, ಕೊರಳಪಟ್ಟಿಯನ್ನು ಕಾಲಿಗೆ ತಾಗಿಸುತ್ತ ಬಂದು ಅವಳ ಮಡಿಲೇರಿತು. ಅವಳ ಬೆರಳು ಬೆನ್ನಿನ ಮೇಲಿಂದ ಇಳಿದು ಬೋಳಿನ ಅಂಚಿಗೆ ಬಂದು ನಿಂತಿತು. ಇನ್ನು ಇವಳು ಬೆಕ್ಕಿನ ಜೊತೆಯೂ ಮಾತಾಡುವುದಿಲ್ಲ ಎಂದು ಇಸ್ತ್ರಿಯಮ್ಮನಿಗೆ ಅನಿಸಿತು.

“ಇದಕ್ಕೂ ಇಸ್ತ್ರಿ ಮಾಡೋಕೆ ಹೋದ್ಯಾ ಅತ್ತಿಗೆ?”

ಬಳಸದ ಬಾಗಿಲಿನ ಕೀಲಿನಂಥ ದನಿ. ಗಂಡನ ಕೈಯಿಂದ ಚೀಲ ಜಾರಿತು. ನಾದಿನಿ ಬೆಕ್ಕನ್ನು ಅತ್ತಿಗೆಯ ಕಡೆಗೆ ತಿರುಗಿಸಿದಳು.

“ಬಿಸಿ ಇದೆಯಾ ನೋಡು. ನನ್ನ ಕೈಗೆ ತಿಳಿಯಲ್ಲ.”

ಅವಳು ಮಂಡಿಯೂರಿ ಕೈಯ ಹಿಂಬದಿಯನ್ನು ಬಲತೊಡೆಗೆ ಹಿಡಿದಳು, ಎಡತೊಡೆಗೆ ಹಿಡಿದಳು. “ಎಡಗಡೆ ಒಂದು ಗುಲಗಂಜಿಯಷ್ಟು ಜಾಸ್ತಿ ಇದೆ. ಬೆಳಿಗ್ಗೆಗಿಂತ ಕಮ್ಮಿ.”

“ಇನ್ನೊಂದು ಸಲ ನೋಡು” ಎಂದಳು ನಾದಿನಿ.

ಇಸ್ತ್ರಿಯಮ್ಮ ಇನ್ನೊಂದು ಸಲ ನೋಡಿದಳು. ಮತ್ತೊಮ್ಮೆ ನೋಡು ಎಂದು ಅವಳಿಗೆ ಜೀವಮಾನದಲ್ಲಿ ಯಾರೂ ಹೇಳಿದ್ದಿಲ್ಲ.