ಗೇಜಿನ ಗಾಜಿಗೆ ಅಂಟಿದ ಬೊಟ್ಟು

ದೀಪಾವಳಿಯ ಸಫಾಯಿಗೆಂದು ಅಟ್ಟದ ಮೇಲಿನ ಡಬ್ಬಗಳನ್ನು ಇಳಿಸುತ್ತಿದ್ದೆ. ಹಳೆಯ ಶೂ ಡಬ್ಬವೊಂದನ್ನು ತೆರೆದರೆ ಪೆಟ್ರೋಲು, ರಬ್ಬರು ಕಲೆತ ವಾಸನೆ. ಒಳಗೆ ರಬ್ಬರ್ ಪೈಪು ಸಿಕ್ಕಿಸಿದ, ಗಡಿಯಾರದಂತೆ ಮುಳ್ಳಿರುವ ಎರಡು ಗುಂಡನೆಯ ಗೇಜು. ಒಂದರ ಗಾಜಿನ ಮೇಲೆ ಕೆಂಪು ಸ್ಟಿಕ್ಕರ್ ಬೊಟ್ಟು ಹಾಗೇ ಇತ್ತು. ಇನ್ನೊಂದರದು ಎಲ್ಲೋ ಉದುರಿಹೋಗಿತ್ತು. ಕೆಲಸ ಬಿಟ್ಟು ಸ್ಟೂಲಿನ ಮೇಲೇ ಕೂತೆ. ಕೆಳಗಿನ ಮನೆ ಅಂಕಲ್...

ಗುರುಗ್ರಾಮದ ಕೆಲಸಕ್ಕೆ ಸೇರಿ ದಿಲ್ಲಿಯ ವಸಂತ್ ಕುಂಜ್‌ನ ಈ ಫ್ಲ್ಯಾಟಿಗೆ ಬಂದಾಗ ಮೆಟ್ಟಿಲಲ್ಲಿ ನನಗೆ ಮೊದಲು ಕನ್ನಡ ಕೇಳಿಸಿದ್ದು ಅವರ ಬಾಯಲ್ಲೇ. ಮೈಸೂರಿನವರು, ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾಗಿದ್ದವರು. ಅವರ ಜೀವವೆಲ್ಲ ಕೆಳಗೆ ನಿಲ್ಲಿಸಿದ್ದ ಹಳೆಯ ವಿದೇಶಿ ಬೈಕಿನ ಮೇಲೆ. ಯಾವುದೋ ರಾಯಭಾರ ಕಚೇರಿಯವರು ದೇಶ ಬಿಡುವಾಗ ಮಾರಿ ಹೋದದ್ದಂತೆ. ಅದಕ್ಕೆ ಎರಡು ಸಿಲಿಂಡರು, ಒಂದೊಂದಕ್ಕೂ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಒಂದೊಂದು ಕಾರ್ಬ್ಯುರೇಟರು. ಎರಡೂ ಸಮವಾಗಿ ಎಳೆಯದಿದ್ದರೆ, ಇಬ್ಬರು ಬೀರು ಹೊತ್ತು ಮೆಟ್ಟಿಲು ಹತ್ತುವಾಗ ಒಬ್ಬನೇ ಮುಂದೆ ಓಡಿದ ಹಾಗೆ, ಗಾಡಿಯೆಲ್ಲ ಗಡಗಡ. ಅಂಕಲ್ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಸದ್ದು ಕೇಳಿಯೇ ಎರಡನ್ನೂ ಹೊಂದಿಸುತ್ತಿದ್ದರು. ಆಮೇಲೆ ಆಂಟಿಯನ್ನು ಹಿಂದೆ ಕೂರಿಸಿಕೊಂಡು ತರಕಾರಿಗೆ ಹೊರಡುವ ಗತ್ತು ನೋಡಬೇಕಿತ್ತು.

ಬರಬರುತ್ತಾ ಅವರ ಕಿವಿ ಮಂದವಾಯಿತು. ಒಪ್ಪಿಕೊಳ್ಳುವ ಆಸಾಮಿಯೇ ಅಲ್ಲ. ನಾವೆಲ್ಲ ಪಿಸುಗುಟ್ಟುತ್ತೇವೆಂದು ನಮ್ಮ ಮೇಲೇ ರೇಗುತ್ತಿದ್ದರು. ಬೈಕಿನ ಮೇಲೆ ರೇಗಿ ಏನು ಪ್ರಯೋಜನ? ಅಲುಗಾಟ ಹೆಚ್ಚಾಗಿ, ಅದು ನಡುರಸ್ತೆಯಲ್ಲೇ ಆಫ್ ಆಗತೊಡಗಿತು. ಗುಜರಿ ಕೊಳ್ಳುವ ಕಬಾಡಿಯವನಿಗೆ ಕೊಟ್ಟುಬಿಡುತ್ತೇನೆಂದು ಹೇಳಿ ಅಂಕಲ್ ಕುರ್ಚಿ ಹಿಡಿದು ಕೂತರು. ಬೆಳಗಿನ ವಾಕಿಂಗೂ ನಿಂತಿತು, ಮಾತೂ ಕಡಿಮೆಯಾಯಿತು.

ಒಂದು ಸಂಜೆ ಆಂಟಿ ನಮ್ಮ ಮನೆಗೆ ಬಂದರು. "ಇವರನ್ನ ಹೀಗೆ ನೋಡಕ್ಕಾಗಲ್ಲ ಕಣಮ್ಮ. ಕಣ್ಣಲ್ಲಿ ನೋಡಿ ಹೊಂದಿಸೋ ಸಾಮಾನು ಏನಾದ್ರೂ ಸಿಗುತ್ತಾ, ನಿನ್ನ ಫೋನಲ್ಲಿ ಹುಡುಕು."

ಹುಡುಕಿದೆ. ಎಂಜಿನ್ ಗಾಳಿ ಎಳೆಯುವ ಜೋರನ್ನು ಮುಳ್ಳಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜುಗಳ ಜೋಡಿ ಸಿಕ್ಕಿತು, ತರಿಸಿದೆ. ಅಂಕಲ್ ನೋಡಿ ಮುಖ ಸಿಂಡರಿಸಿದರು. ಕೆಲವು ದಿನ ನನ್ನ ಜೊತೆ ಮಾತೇ ಇಲ್ಲ. ಆಮೇಲೊಂದು ಭಾನುವಾರ ಕೆಳಗಿನಿಂದ ಕೂಗಿದರು: "ನಿನ್ನ ಮೀಟರು ಸುಳ್ಳು ಹೇಳುತ್ತೆ, ತೋರಿಸ್ತೀನಿ ಬಾ."

ಸುಳ್ಳು ಹಿಡಿಯಲೆಂದೇ ಅವರು ಗೇಜುಗಳನ್ನು ಒಂದಾದ ಮೇಲೊಂದು ಒಂದೇ ಸಿಲಿಂಡರಿಗೆ ಸಿಕ್ಕಿಸಿದರು. ಎಂಜಿನ್ ಅದೇ, ಆದರೂ ಒಂದರ ಮುಳ್ಳು ಕೊಂಚ ಮೇಲೆ, ಇನ್ನೊಂದರದು ಕೆಳಗೆ. ಗೆದ್ದವರ ಹಾಗೆ ನಕ್ಕರು. ನನ್ನ ಮುಖ ಸಪ್ಪಗಾಯಿತು, ತರಿಸಿದ್ದೇ ದಂಡ ಅನ್ನಿಸಿತು. ಆದರೆ ಅಷ್ಟರಲ್ಲಿ ಅವರಿಗೇ ಹುಮ್ಮಸ್ಸು ಬಂದುಬಿಟ್ಟಿತ್ತು. "ಸುಳ್ಳಾದ್ರೂ ದಿನಾ ಅದೇ ಸುಳ್ಳು ಹೇಳುತ್ತೆ. ಗುರುತು ಹಾಕ್ಕೊಂಡ್ರೆ ಆಯ್ತು."

ಗುರುತಿಗೆ ಏನು? ಆಂಟಿ ಹಣೆಯ ಬೊಟ್ಟನ್ನು ಕಿತ್ತು ಕೊಟ್ಟು, ಇನ್ನೊಂದಕ್ಕೆ ಒಳಗಿನಿಂದ ಪ್ಯಾಕೆಟ್ಟೇ ತಂದರು. ಒಂದೇ ಸಿಲಿಂಡರಿನಲ್ಲಿ ಯಾವ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಗಾಜಿನ ಮೇಲೊಂದು ಬೊಟ್ಟು. ಆಮೇಲೆ ಆ ಕಡೆಗೊಂದು, ಈ ಕಡೆಗೊಂದು ಗೇಜು ಸಿಕ್ಕಿಸಿದೆವು. ನಾನು ಹಿಡಿದು ನಿಂತೆ, ಅವರು ಕಾರ್ಬ್ಯುರೇಟರುಗಳ ನಡುವಿನ ಸ್ಕ್ರೂವನ್ನು ಚೂರುಚೂರೇ ತಿರುಗಿಸಿದರು. ಎರಡು ಮುಳ್ಳೂ ತಂತಮ್ಮ ಬೊಟ್ಟಿನ ಕೆಳಗೆ ಬಂದಾಗ ಗಡಗಡ ನಿಂತಿತು. ಅಂಕಲ್ ಟ್ಯಾಂಕಿನ ಮೇಲೆ ಅಂಗೈ ಇಟ್ಟು ನೋಡಿದರು... ನನಗೆ ಅಳುವೇ ಬಂತು. ಆಂಟಿ ತರಕಾರಿ ಚೀಲ ತರಲು ಒಳಗೆ ಓಡಿದರು.

ಗೇಜುಗಳನ್ನು ಮಾತ್ರ ಅವರು ಇಟ್ಟುಕೊಳ್ಳಲಿಲ್ಲ. ಬೇಕಾದಾಗೆಲ್ಲ "ನಿನ್ನ ಮೀಟರು ತುಕ್ಕು ಹಿಡಿದೀತು, ತಗೊಂಡು ಬಾ" ಎಂದು ನನಗೇ ಉಪಕಾರ ಮಾಡುವವರ ಹಾಗೆ ಕರೆಯುತ್ತಿದ್ದರು. ಎಂಥ ಜಂಬ ಅಂತೀರಿ.

ಹೋದ ಚಳಿಗಾಲದಲ್ಲಿ ಅಂಕಲ್ ಹೋಗಿಬಿಟ್ಟರು. ಹಳೆಯ ಗಾಡಿಗಳನ್ನು ದಿಲ್ಲಿಯಲ್ಲಿ ಈಗ ರಸ್ತೆಗಿಳಿಸುವಂತೆಯೂ ಇಲ್ಲ. ಮೈಸೂರಿನಲ್ಲಿರುವ ಆಂಟಿಯ ತಂಗಿ ಮಗಳು ಬೈಕನ್ನು ತಾನು ಓಡಿಸುತ್ತೇನೆಂದು ಹಟ ಹಿಡಿದಿದ್ದಾಳೆ. ಮೆಕ್ಯಾನಿಕ್ ಭಯ್ಯಾ ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿಕೊಟ್ಟಿದ್ದ. ಆದರೆ ಮತ್ತೆ ಅದೇ ಗಡಗಡ. ಹೀಗೆ ಅಲ್ಲಾಡಿಕೊಂಡು ಅದು ಊರಿಗೆ ಹೋಗಬಾರದು ಎಂದು ಆಂಟಿ. ಸ್ಟೂಲಿನಿಂದೆದ್ದು ಡಬ್ಬ ಹಿಡಿದು ಕೆಳಗಿಳಿದೆ.

ಉದುರಿದ ಬೊಟ್ಟಿನ ಜಾಗಕ್ಕೆ ಇನ್ನೊಂದು ಬೇಕಿತ್ತು. ಹೇಗೆ ಕೇಳುವುದು? ಅಂಕಲ್ ಹೋದಂದಿನಿಂದ ಆಂಟಿಯ ಹಣೆ ಖಾಲಿ. ಪೆನ್ನಿನಲ್ಲಿ ಗುರುತು ಹಾಕಿದರಾಯಿತೆಂದು ಗಾಜು ಒರೆಸುತ್ತಾ ನಿಂತೆ. ಆಂಟಿ ಗೇಜನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಬರುವಾಗ ಕೈಯಲ್ಲಿ ಆ ಹಳೆಯ ಪ್ಯಾಕೆಟ್ಟು.

ಒಂದನ್ನು ಬಿಡಿಸಿ ನನ್ನ ಬೆರಳಿಗೆ ಅಂಟಿಸಿದರು. ಇನ್ನೊಂದನ್ನು ಬಿಡಿಸಿ, ಬೈಕಿನ ಕನ್ನಡಿಗೆ ಬಗ್ಗಿ, ಹಣೆಗೆ ಇಟ್ಟುಕೊಂಡರು.

"ಹೂಂ, ಸ್ಟಾರ್ಟ್ ಮಾಡು" ಅಂದರು.